ತಿಳಿ ಕೊಲಾಡಾ ಮಾಡಿದ ಶ್ರಾವಣ

ಫೋನಿನಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ನನ್ನ ಅಣ್ಣನ ಕೆಲಸ ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಮಾನವಂತೂ ಉಳಿಯುತ್ತಿತ್ತು. ಬೆಂಗಳೂರಿನಲ್ಲಿ ಅವನಿಗಿದ್ದ ಒಬ್ಬನೇ ಗೆಳೆಯನೂ ಉಳಿಯುತ್ತಿದ್ದ. ಒಂದೆರಡು ನಿಮಿಷದ ಕರೆ ಅದು. ಅದಾದ ಮೇಲೆ ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಮೊನ್ನೆ ನಮ್ಮ ವಠಾರದಲ್ಲಿ ಯಾರೋ ಗೊಜ್ಜಿಗೆ ಅನಾನಸು ಬೇಯಿಸುತ್ತಿದ್ದರು. ಬೆಲ್ಲ ಬಿದ್ದ ಮೇಲೆ ಆ ಹಣ್ಣಿನ ವಾಸನೆ ಬೇರೆಯೇ ಆಗುತ್ತದೆ. ಹುಳಿ ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಒಗೆಯುತ್ತಿದ್ದ ಬಟ್ಟೆ ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟೆ. ವೈಟ್‌ಫೀಲ್ಡಿನ ಆ ಒಂದು ಮಳೆಗಾಲ ಪೂರ್ತಿ ನನ್ನ ಸೀರೆ, ಕೂದಲು, ಉಗುರುಸಂದಿಯೆಲ್ಲ ಇದೇ ವಾಸನೆ. ನಾನು ಓದಿದ್ದು ಏಳನೇ ಕ್ಲಾಸು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಬೇಕು ಅನ್ನಿಸಿತು.

ನಾವು ಹಾವೇರಿ ಕಡೆಯವರು. ಅಣ್ಣ ಬಸವರಾಜ ನನಗಿಂತ ಒಂಬತ್ತು ವರ್ಷ ದೊಡ್ಡವನು. ಮೊದಲು ಅವನೊಬ್ಬನೇ ಬೆಂಗಳೂರಿಗೆ ಬಂದು ಪೀಣ್ಯದಲ್ಲಿ ಕ್ರೋಮ್ ಪ್ಲೇಟಿಂಗ್ ಮಾಡುವ ಸಣ್ಣ ಶೆಡ್ಡೊಂದರಲ್ಲಿ ಸೇರಿದ. ಬಿಸಿ ಆಸಿಡ್ ತೊಟ್ಟಿಯಲ್ಲಿ ಕಬ್ಬಿಣದ ಸಾಮಾನು ಅದ್ದಿ ತೆಗೆಯುವ ಕೆಲಸ. ಆ ತೊಟ್ಟಿಯ ಹೊಗೆಯನ್ನು ಆರು ವರ್ಷ ಕುಡಿದ. ಮೊದಲು ಮೂಗಿನಿಂದ ರಕ್ತ ಬಂತು, ಆಮೇಲೆ ವಾಸನೆ ಗೊತ್ತಾಗುವುದೇ ನಿಂತುಹೋಯಿತು. ಮಲ್ಲಿಗೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ಇನ್ನು ಆ ತೊಟ್ಟಿಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ ಮೇಲೆ ಕೆಲಸ ಬಿಟ್ಟು ವೈಟ್‌ಫೀಲ್ಡಿಗೆ ಬಂದ. ಏಜೆನ್ಸಿಯೊಂದರ ಮೂಲಕ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ನನ್ನನ್ನೂ ಕರೆಸಿಕೊಂಡ. ಇಮ್ಮಡಿಹಳ್ಳಿಯಲ್ಲಿ ತಾರಸಿಯ ಮೇಲಿನ ಶೀಟಿನ ರೂಮು. ಮಳೆ ಬಂದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಮೂಗು ಹೋಯಿತೆಂದು ಅವನು ಅತ್ತದ್ದು ನಾನು ನೋಡಿಲ್ಲ. ಇಬ್ಬರೂ ನಡೆದು ಹೋಗುವಾಗ ಮೋರಿ ಬಂದರೆ ನಾನು ಸೆರಗು ಮುಚ್ಚಿಕೊಳ್ಳುತ್ತಿದ್ದೆ, ಅವನು ಎದೆಯುಬ್ಬಿಸಿ ಉಸಿರೆಳೆದು, "ನೋಡು ಶಾಂತವ್ವಾ, ಬೆಂಗಳೂರಾಗ ಸುಖವಾಗಿ ಇರಾಂವ ಅಂದ್ರ ನಾನೊಬ್ಬನ" ಎಂದು ನಗುತ್ತಿದ್ದ.

ಅವನ ಕೊರಳಿನಲ್ಲಿ ಇಷ್ಟಲಿಂಗವಿತ್ತು. ದಿನಾ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಬಾಯಿಗೆ ನೀರು. ಮನೆಗೆ ಏನು ಹೊಸದು ಬಂದರೂ ಮೊದಲು ಲಿಂಗಕ್ಕೆ ತೋರಿಸಬೇಕು, ಆಮೇಲೆ ತಿನ್ನಬೇಕು. ಕಡಲೆಪುರಿ ತಂದರೂ ಅಷ್ಟೇ. ನಾನು ಆ ಶಿಸ್ತು ಬಿಟ್ಟು ಬಹಳ ದಿನವಾಗಿತ್ತು. ಅವನು ಬೈಯಲಿಲ್ಲ. "ನಿಂದೂ ಸೇರ್ಸಿ ನಾನ ಮಾಡ್ತೀನಿ ಬಿಡು" ಅನ್ನುತ್ತಿದ್ದ.

ಅವನಿಗೆ ನಾನು ಹೇಳಿದ್ದು, ದೊಡ್ಡ ಹೋಟೆಲಿನಲ್ಲಿ ಹಣ್ಣು ಹೆಚ್ಚುವ ಕೆಲಸ ಎಂದು. ಸುಳ್ಳಲ್ಲ. ಆದರೆ ಅದು ಹೋಟೆಲಲ್ಲ, ಬಾರು. ಕಂಪನಿಗಳ ಗಾಜಿನ ಕಟ್ಟಡಗಳ ನಡುವೆ ಏಳನೇ ಮಹಡಿಯಲ್ಲಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ನಾನು ಒಳಹೋಗುವಾಗ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಕೂತಿರುತ್ತಿದ್ದವು. ಜನ ತುಂಬುವ ಹೊತ್ತಿಗೆ ನಾನು ಮನೆಯ ದಾರಿಯಲ್ಲಿರುತ್ತಿದ್ದೆ. ನಿಂಬೆ ಹಿಂಡುವುದು, ಪುದೀನ ಬಿಡಿಸುವುದು, ಸಕ್ಕರೆ ಪಾಕ ಕುದಿಸುವುದು, ಅನಾನಸು ಹೆಚ್ಚುವುದು ನನ್ನ ಪಾಲು. ಬಾಟಲಿ ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೆ ಹೇಳುವ ಅಗತ್ಯವಿಲ್ಲ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಬಾರಿನ ಮುಖ್ಯಸ್ಥರು ಡೆನಿಸ್ ಸರ್, ಮಂಗಳೂರಿನವರು. ಐವತ್ತರ ಹತ್ತಿರದ ವಯಸ್ಸು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಮೆಟ್ರೋ ಕಂಬಗಳಿಗೆ ರಸ್ತೆ ಅಗೆಯಲು ಶುರು ಮಾಡಿದ್ದ ಆ ವರ್ಷ, ಮಳೆಗಾಲದ ಮೊದಲಿಗೆ, ಅವರ ತಲೆಗೆ ಪಿನ್ಯಾ ಕೊಲಾಡಾ ಹೊಕ್ಕಿತು. ಅದು ಎಲ್ಲ ಬಾರುಗಳಲ್ಲೂ ಇರುವ ಹಳೆಯ ಪಾನೀಯ. ರಮ್ಮು, ಅನಾನಸಿನ ರಸ, ಡಬ್ಬಿಯ ತೆಂಗಿನ ಕೆನೆ, ಐಸು ಎಲ್ಲ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ದೊಡ್ಡ ಗ್ಲಾಸಿಗೆ ಸುರಿದು ಮೇಲೊಂದು ಕಾಗದದ ಕೊಡೆ ಸಿಕ್ಕಿಸುತ್ತಾರೆ. ಜನ ಅರ್ಧ ಕುಡಿದು ಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ನಾನು ಬಂದಾಗ ತೊಳೆಯದೆ ಉಳಿದ ಗ್ಲಾಸುಗಳಲ್ಲಿ ಅದು ಸುಣ್ಣದ ಹಾಗೆ ಅಂಟಿರುತ್ತಿತ್ತು.

"ಇದು ಕುಡಿಯುವುದಾ, ಪಾಯಸವಾ?" ಎಂದರು ಡೆನಿಸ್ ಸರ್ ಒಂದು ಮಧ್ಯಾಹ್ನ. "ಇದೇ ರುಚಿ ಬೇಕು ಮಾರಾಯ್ತಿ, ಆದರೆ ಕಣ್ಣಿಗೆ ನೀರಿನ ಹಾಗೆ ಕಾಣಬೇಕು. ಗ್ಲಾಸಿನ ಆಚೆ ಇಟ್ಟ ಪೇಪರ್ ಓದಲಿಕ್ಕೆ ಆಗಬೇಕು."

"ತೆಂಗಿನಹಾಲು ಬೆಳ್ಳಗಲ್ಲದೆ ಇನ್ನು ಹೇಗಿರುತ್ತೆ ಸರ್?"

"ಅದೇ ಅಲ್ವಾ ತಲೆಬಿಸಿ."

ಅವರು ಹೇಳಿದ ದಾರಿ ನನಗೆ ವಿಚಿತ್ರವಾಗಿ ಕಂಡಿತು. ರಮ್ಮು, ಅನಾನಸು, ತೆಂಗು, ನಿಂಬೆ ಎಲ್ಲ ಬೆರೆಸಿ ಬಿಸಿ ಹಾಲಿಗೆ ಹೊಯ್ಯಬೇಕು. ಹಾಲು ಒಡೆಯಬೇಕು. ಒಡೆದ ಹಾಲಿನ ಗಸಿ ಬಣ್ಣವನ್ನೂ ಒರಟನ್ನೂ ಹಿಡಿದಿಟ್ಟುಕೊಂಡು ತಿಳಿಯನ್ನು ಮಾತ್ರ ಕೆಳಗೆ ಬಿಡಬೇಕು. ನಮ್ಮ ಮನೆಯಲ್ಲಿ ಹಾಲು ಒಡೆದರೆ ಅವ್ವ ಇಡೀ ದಿನ ಮುಖ ಗಂಟಿಕ್ಕಿಕೊಂಡಿರುತ್ತಿದ್ದಳು. ಇಲ್ಲಿ ಬೇಕೆಂದೇ ಒಡೆಯುವುದು.

ಹತ್ತು ದಿನ ಬರೀ ಕೆಟ್ಟಿತು. ಕಲಗಚ್ಚಿನ ಹಾಗೆ ಮಬ್ಬು ನೀರು ಇಳಿಯುತ್ತಿತ್ತು. ಡೆನಿಸ್ ಸರ್ ನಾಲಿಗೆಗೆ ಹಚ್ಚಿ ನೋಡಿ ಮುಖ ಕಿವಿಚುತ್ತಿದ್ದರು. ಕಹಿ, ಪ್ರತಿಸಲವೂ ಕಹಿ. ರಮ್ಮು ಬದಲಿಸಿದರು, ಹಾಲು ಬದಲಿಸಿದರು, ನಿಂಬೆ ಕಡಿಮೆ ಮಾಡಿದರು. ಹನ್ನೊಂದನೆಯ ದಿನ ನಾನು ಬಾಯಿಬಿಟ್ಟೆ.

"ಸರ್, ಹಸಿ ಅನಾನಸು ಹಾಲಿಗೆ ಬಿದ್ದರೆ ಕಹಿಯೇ ಆಗೋದು. ನಮ್ಮವ್ವ ಮದುವೆ ಅಡುಗೆಗೆ ಹೋಗುತ್ತಿದ್ದಳು. ಅನಾನಸಿನ ಶಿರಾಕ್ಕೆ ಮೊದಲು ಹಣ್ಣು ಬೇಯಿಸಿ ಆರಿಸಿ ಇಟ್ಟ ಮೇಲೆಯೇ ಹಾಲು ತರುತ್ತಿದ್ದಳು."

ಅವರು ನನ್ನನ್ನೇ ನೋಡಿದರು. "ಹತ್ತು ದಿನದಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಸರ್."

"ಮತ್ತೆ ಎಂತ ಬಾಯಿಗೆ ಬೀಗ ಹಾಕಿ ಕೂತದ್ದು?"

"ನೀವು ಕೇಳಲಿಲ್ಲ."

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಈಗ ನಗು ಬರುವುದಿಲ್ಲ.

ಆವತ್ತಿನಿಂದ ಅದು ನನ್ನ ಕೆಲಸವಾಯಿತು. ಅನಾನಸಿನ ರಸವನ್ನು ಚೂರು ಬೆಲ್ಲ ಹಾಕಿ ಕುದಿಸಿ ಆರಿಸುತ್ತಿದ್ದೆ. ಡಬ್ಬಿಯ ಕೆನೆಯ ಬದಲು ಕಾಯಿ ತುರಿದು ಮೊದಲ ಹಾಲು ಮಾತ್ರ ಹಿಂಡುತ್ತಿದ್ದೆ. ಡೆನಿಸ್ ಸರ್ ಅದಕ್ಕೆ ಬಿಳಿ ರಮ್ಮು ಬೆರೆಸಿ ಫ್ರಿಜ್ಜಿನಲ್ಲಿಡುವರು. ಮರುದಿನಕ್ಕೆ ಕಾಯಿಯ ಜಿಡ್ಡು ಮೇಲೆ ಬಿಲ್ಲೆಯ ಹಾಗೆ ಗಟ್ಟಿಯಾಗಿರುತ್ತಿತ್ತು, ಅದನ್ನು ಎತ್ತಿ ಬಿಸಾಡಬೇಕು. ಜಿಡ್ಡು ಹೋಗಿ ವಾಸನೆ ಉಳಿಯುತ್ತಿತ್ತು. ಆಮೇಲೆ ಎಲ್ಲ ಸೇರಿಸಿ ಹಾಲಿಗೆ ಹೊಯ್ದು ಒಡೆಸುವುದು. ಸೋಸಲು ಅವರು ಕೊಟ್ಟ ಕಾಗದದ ಜರಡಿ ಕಟ್ಟಿಕೊಳ್ಳುತ್ತಿತ್ತು. ನಾನು ಮನೆಯಿಂದ ಹಳೆಯ ಮೆತ್ತಗಿನ ಪಂಚೆ ತಂದು ನಾಲ್ಕು ಮಡಿಕೆ ಮಾಡಿ ಕಟ್ಟಿದೆ. ಅಣ್ಣನ ಪಂಚೆ. ಮೊದಲು ಇಳಿದ ಮಬ್ಬನ್ನು ಮತ್ತೆ ಅದೇ ಗಸಿಯ ಮೇಲೆ ಮೆಲ್ಲಗೆ ಸುರಿಯಬೇಕು. ಎರಡು ಸಲ, ಮೂರು ಸಲ. ಹಿಂಡಬಾರದು, ಅಲುಗಿಸಲೂಬಾರದು. ಹನಿ ಹನಿಯಾಗಿ ಇಳಿಯುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಕಿಟಕಿಯಾಚೆ ಮಳೆ, ಕೆಳಗೆ ಅಗೆದ ರಸ್ತೆಯಲ್ಲಿ ನಿಂತ ಬಸ್ಸುಗಳು. ಬೆಂಗಳೂರಿಗೆ ಬಂದ ಮೇಲೆ ನನ್ನಿಂದಲೂ ಒಂದು ಕೆಲಸ ಆಗುತ್ತದೆ ಅನ್ನಿಸಿದ್ದು ಅಲ್ಲಿ, ಆ ಬಟ್ಟೆಯ ಕೆಳಗಿನ ಪಾತ್ರೆ ನೋಡುತ್ತಾ.

ಶ್ರಾವಣದ ಒಂದು ಭಾನುವಾರ ಸಂಜೆ ಅದು ಸರಿಯಾಗಿ ಬಂತು. ಡೆನಿಸ್ ಸರ್ ಗ್ಲಾಸಿನ ಹಿಂದೆ ಬಿಲ್ಲಿನ ಚೀಟಿ ಹಿಡಿದು ಓದಿದರು. ಒಂದು ಗುಟುಕು ಕುಡಿದರು. ಆಮೇಲೆ ನೀರಿನ ಬಾಟಲಿಯೊಂದನ್ನು ತೊಳೆದು, ಅದರ ತುಂಬ ಹೊಯ್ದು ನನ್ನ ಕೈಗಿಟ್ಟರು. "ನಿನ್ನ ಕೈಯದ್ದು ಇದು. ತಕೊಂಡು ಹೋಗು. ಗೇಟಿನಲ್ಲಿ ಕೇಳಿದರೆ ನೀರು ಅನ್ನು, ಆಯ್ತಾ? ಹೊರಗೆ ಒಯ್ದದ್ದು ಗೊತ್ತಾದರೆ ನನ್ನದೂ ಹೋಯಿತು, ನಿನ್ನದೂ ಹೋಯಿತು."

ಬೇಡ ಅನ್ನಬಹುದಿತ್ತು. ದಾರಿಯಲ್ಲಿ ಚೆಲ್ಲಬಹುದಿತ್ತು. ಕುಡಿಯುವ ಆಸೆ ನನಗಿರಲಿಲ್ಲ, ಅಲ್ಲಿಯವರೆಗೂ ರಮ್ಮು ಬಿದ್ದ ಮೇಲೆ ಒಂದು ಹನಿ ನಾಲಿಗೆಗೆ ಹಚ್ಚಿದವಳಲ್ಲ. ಅದನ್ನು ಮನೆಯಲ್ಲಿಟ್ಟುಕೊಂಡು ನೋಡಬೇಕು ಅನ್ನಿಸಿತು, ಅಷ್ಟೇ. ತಣ್ಣಗಿರಲಿ ಎಂದು ನೀರಿನ ಕೊಡದ ಪಕ್ಕ ಒದ್ದೆ ಬಟ್ಟೆ ಸುತ್ತಿ ಇಟ್ಟೆ.

ಮರುದಿನ ಸೋಮವಾರ, ನನಗೆ ರಜೆ. ಕೆಳಗೆ ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಅಣ್ಣ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕೂತಿದ್ದ. ಅಂಗೈಯಲ್ಲಿ ಲಿಂಗ. ಎದುರಿಗೆ ಆ ಬಾಟಲಿ.

"ಏನಿದು ತಂಗಿ? ನೀರಂದ್ರ ನೀರಲ್ಲ, ಒದ್ದಿ ಅರಿವಿ ಸುತ್ತಿ ಇಟ್ಟೀಯಲ್ಲ."

"ತೆಂಗಿನಹಾಲು. ಅನಾನಸು."

"ಸುಳ್ಳ ಹೇಳಬ್ಯಾಡ. ತೆಂಗಿನಹಾಲು ಹಿಂಗ ಇರ್ತೈತೇನು?"

"ಸೋಸೀನಿ ಅಣ್ಣ. ತಿಂಗಳು ಹಿಡೀತು. ನಾನ ಮಾಡೀನಿ."

ಅವನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. "ನೀ ಮಾಡೀಯಾ? ಇಷ್ಟು ತಿಳಿ?" ಬಾಟಲಿಯನ್ನು ಬೆಳಕಿಗೆ ಹಿಡಿದ. "ಶ್ರಾವಣ ಸೋಮಾರದ ದಿನ ನಮ್ಮ ಶಾಂತವ್ವನ ಕೈಯಾಂದು. ಮೊದಲು ಶಿವನಿಗೆ."

ನಾನು ಕೊಡ ಹೊತ್ತುಕೊಂಡೇ ನಿಂತಿದ್ದೆ. ಬಾಗಿಲಿನಿಂದ ಅವನವರೆಗೆ ನಾಲ್ಕು ಹೆಜ್ಜೆ. ಅವನು ಮುಚ್ಚಳ ತೆಗೆದ. ರಮ್ಮಿನ ವಾಸನೆ ನನ್ನವರೆಗೂ ಬಂತು. ಇಡೀ ರೂಮಿಗೆ ಬಂತು. ಅವನ ಮೂಗಿನ ಕೆಳಗೇ ಇದ್ದರೂ ಅವನಿಗೊಬ್ಬನಿಗೆ ಬರಲಿಲ್ಲ. ಪುಟ್ಟ ಬಟ್ಟಲಿಗೆ ಬಗ್ಗಿಸಿ, ಲಿಂಗದ ಮುಂದೆ ಹಿಡಿದು ಕಣ್ಣು ಮುಚ್ಚಿದ. ತುಟಿ ಅಲುಗಾಡುತ್ತಿತ್ತು. ಬೇಡ ಅನ್ನುವ ಮಾತು ನನ್ನ ಬಾಯಿಯವರೆಗೆ ಬಂತು. ಅಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಿದರೆ ಎಲ್ಲಿಂದ ಎಂದು ಕೇಳುತ್ತಾನೆ. ಅಷ್ಟು ಯೋಚಿಸುವಷ್ಟರಲ್ಲಿ ಅವನು ಕಣ್ಣು ತೆರೆದು ಬಟ್ಟಲನ್ನು ಬಾಯಿಗೆತ್ತಿದ್ದ.

"ಚಂದ ಐತಿ. ಗಂಟಲಾಗ ಸ್ವಲ್ಪ ಚುರ್ ಅಂತೈತಿ. ಶುಂಠಿ ಹಾಕೀಯೇನು?"

"ಹೂಂ," ಅಂದೆ. "ಶುಂಠಿ."

"ತಗೋ, ಪ್ರಸಾದ." ನನ್ನ ಅಂಗೈಗೂ ಒಂದಿಷ್ಟು ಹೊಯ್ದ. ನಾನು ಕುಡಿದೆ. ಜೀವನದಲ್ಲಿ ಮೊದಲ ಸಲ ರಮ್ಮು ಕುಡಿದದ್ದು ಹಾಗೆ, ಅಣ್ಣನ ಕೈಯಿಂದ, ಪ್ರಸಾದವೆಂದು.

ಡ್ಯೂಟಿಗೆ ಹೊರಡುವಾಗ ಉಳಿದ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ.

"ಬ್ಯಾಡ ಅಣ್ಣ, ಇಲ್ಲೇ ಇರ್ಲಿ."

"ಮುನಿರಾಜುಗ ಕೊಡ್ತೀನಿ. ದಿನಾ ಅವನ ಡಬ್ಬಿದು ಮುದ್ದಿ ತಿಂತೀನಿ, ನಾನೂ ಒಂದಿನ ಏನಾರ ಕೊಡಬ್ಯಾಡೇನು?"

ಮುನಿರಾಜು ಅದೇ ಗೇಟಿನ ಇನ್ನೊಬ್ಬ ಗಾರ್ಡು, ಹೊಸಕೋಟೆ ಕಡೆಯವರು. ಒಂದೆರಡು ಸಲ ಮನೆಗೂ ಬಂದಿದ್ದರು. ಇಬ್ಬರೂ ಸೇರಿದರೆ ಒಬ್ಬರ ಭಾಷೆಯನ್ನು ಇನ್ನೊಬ್ಬರು ಅಣಕಿಸುವುದೇ ಆಟ. "ನಿಮ್ಮಣ್ಣ ಊಟ ಆಯ್ತಾ ಅಂದ್ರೂ ಜಗಳ ಆಡ್ದಂಗೇ ಮಾತಾಡ್ತಾರೆ ಕಣಮ್ಮ" ಅನ್ನುವರು ಅವರು. "ನೀ ಹಾಡಿದಂಗ ಅಳ್ತೀ ಬಿಡೋ" ಅನ್ನುವನು ಇವನು. ನಾನು ಬರುವ ಮೊದಲು ಅಣ್ಣನಿಗೆ ಜ್ವರ ಬಂದಾಗ ಮೂರು ದಿನ ಗಂಜಿ ತಂದುಕೊಟ್ಟದ್ದು ಅವರೇ.

ಹನ್ನೊಂದರ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಅಣ್ಣನ ನಂಬರು, ಆದರೆ ಮಾತಾಡಿದ್ದು ಸೂಪರ್‌ವೈಸರು.

"ಏನಮ್ಮಾ, ನಿಮ್ಮಣ್ಣ ಡ್ಯೂಟಿಲಿ ಎಣ್ಣೆ ಇಟ್ಕೊಂಡವ್ನೆ. ಕೇಳಿದ್ರೆ ತಂಗಿ ಮಾಡಿದ್ದು, ತೆಂಗಿನಹಾಲು ಅಂತಾನೆ. ಬಾಟ್ಲಿ ಮೂಸಿದ್ರೆ ತಲೆ ತಿರುಗುತ್ತೆ ಇಲ್ಲಿ. ಸ್ಪೀಕರ್ ಹಾಕಿದೀನಿ, ನೀನೇ ಹೇಳು. ನೀನು ಕೊಟ್ಟಿದ್ದಾ ಎಣ್ಣೆ?"

ಹಿಂದಿನಿಂದ ಅಣ್ಣನ ದನಿ. ಗಾಬರಿಯಿರಲಿಲ್ಲ ಅದರಲ್ಲಿ. "ಹೇಳವ್ವಾ ಶಾಂತಾ. ಕೊರಳಾಗಿನ ಲಿಂಗ ಮುಟ್ಟಿ ಹೇಳೀನಿ, ಅದರಾಗ ಅಂಥಾದ್ದೇನೂ ಇಲ್ಲಂತ. ನೀ ಒಂದ ಮಾತು ಹೇಳಿಬಿಡು, ಮುಗೀತು."

ಲಿಂಗ ಮುಟ್ಟಿ ಆಣೆ ಮಾಡಿದ್ದಾನೆ. ನನ್ನ ಮಾತು ನಂಬಿ.

ರಮ್ಮು ಇದೆ ಸರ್, ಅವನಿಗೆ ಗೊತ್ತಿಲ್ಲ, ವಾಸನೆ ಬರುವುದಿಲ್ಲ ಅವನಿಗೆ, ತಪ್ಪು ನನ್ನದು. ಹೇಳಬೇಕಾಗಿದ್ದದ್ದು ಇಷ್ಟೇ. ನಾನು ಹೇಳಿದ್ದು, "ನಾ ಕೊಟ್ಟದ್ದು ತೆಂಗಿನಹಾಲು ಸರ್. ಮತ್ತೇನೂ ನಂಗ ಗೊತ್ತಿಲ್ಲ."

ಆಮೇಲೆ ಸೂಪರ್‌ವೈಸರು, "ಹಂಗಾದ್ರೆ ಇಲ್ಲೇ ಬೆರೆಸಿರೋದು. ಇಬ್ರಲ್ಲಿ ಯಾರೋ" ಅಂದರು. ಮುನಿರಾಜುವಿನ ದನಿ ಕೇಳಿತು. "ಅಯ್ಯೋ, ನಾನ್ಯಾಕೆ ಸಾರ್ ಬೆರೆಸ್ಲಿ? ಮುಚ್ಚಳ ತಗ್ದಿದ್ದೇ ನಾನು, ವಾಸ್ನೆ ಬತ್ತದೆ ಅಂತ ಹೇಳಿದ್ದೇ ನಾನು! ಬಸಣ್ಣ, ನೀನಾರ ಹೇಳಣ್ಣ!" ಅಣ್ಣ ಏನೂ ಹೇಳಲಿಲ್ಲ. ಕರೆ ಕಡಿದುಹೋಯಿತು.

ಇಬ್ಬರನ್ನೂ ಅಂದೇ ತೆಗೆದರು. ಏಜೆನ್ಸಿಯವರು ಬೇರೆ ಗೇಟು ಕೊಡಲಿಲ್ಲ.

ಅಣ್ಣ ಮಧ್ಯಾಹ್ನವೇ ಮನೆಗೆ ಬಂದ. ಯೂನಿಫಾರ್ಮ್ ಬಿಚ್ಚಿ ಮಡಿಚಿಟ್ಟು ಗೋಡೆಗೊರಗಿ ಕೂತ. ಮಳೆ ಶುರುವಾಗಿತ್ತು. ನಾನು ರೊಟ್ಟಿ ಹಾಕಿಕೊಟ್ಟೆ. ಒಂದು ತುತ್ತು ಮುರಿದು ಕೈಯಲ್ಲೇ ಇಟ್ಟುಕೊಂಡು, "ಮುನಿರಾಜು ಹಿಂಗ ಮಾಡ್ತಾನಂತ ನಾ ಅನ್ಕೊಂಡಿರ್ಲಿಲ್ಲ. ಚಾಷ್ಟಿಗೆ, ನಗಾಕಂತ ಹಾಕಿರಬೇಕು. ಆದ್ರ ನನ್ನ ಆಣಿ ಕೇಳಿದ ಮ್ಯಾಲಾದ್ರೂ ಒಪ್ಕೊಬೇಕಿತ್ತಲ್ಲ" ಎಂದ.

ಬೆಳಿಗ್ಗೆ ಚುರ್ ಎಂದದ್ದು ಅವನ ಗಂಟಲೇ. ಗೇಟಿಗೆ ಹೋಗುವ ಮೊದಲೇ, ಮುನಿರಾಜು ಮುಟ್ಟುವ ಮೊದಲೇ. ಅದನ್ನು ಅವನು ಜೋಡಿಸಿ ನೋಡಲೇ ಇಲ್ಲ. ಶುಂಠಿ ಎಂದು ನಾನು ಹೇಳಿದ್ದೆನಲ್ಲ. ತನ್ನ ಗಂಟಲಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ.

ಅವನಿಗೆ ಗೊತ್ತಾದರೆ ಲಿಂಗಕ್ಕೆ ಹೆಂಡ ತೋರಿಸಿದೆನೆಂದು ಕೊರಗಿ ಸಾಯುತ್ತಾನೆ, ಅದಕ್ಕೇ ಹೇಳಲಿಲ್ಲ ಎಂದು ಎಷ್ಟೋ ದಿನ ನನಗೆ ನಾನು ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನನ್ನ ಕೆಲಸ ಹೋಗುವ ಭಯವಿತ್ತು, ಡೆನಿಸ್ ಸರ್ ಸಿಕ್ಕಿಬೀಳುವ ಭಯವಿತ್ತು. ಎಲ್ಲಕ್ಕಿಂತ ಹೆಚ್ಚು, ಬಾಟಲಿಯನ್ನು ಬೆಳಕಿಗೆ ಹಿಡಿದು ನನ್ನ ಕಡೆ ನೋಡಿದನಲ್ಲ, ಆ ಮುಖ ಇನ್ನು ಮುಂದೆ ನನ್ನನ್ನು ಹಾಗೆ ನೋಡುವುದಿಲ್ಲ ಎಂಬ ಭಯವಿತ್ತು.

ಹದಿನೈದು ದಿನ ಅಲೆದು ಅವನು ಪೀಣ್ಯಕ್ಕೆ ಹೋದ. ಅದೇ ಶೆಡ್ಡು, ಅದೇ ತೊಟ್ಟಿ. "ಇನ್ನ ಹೋಗಾಕ ಏನೈತಿ ಮೂಗಿನಾಗ?" ಎಂದ, ನಗಿಸಲು ನೋಡಿ. ಇಮ್ಮಡಿಹಳ್ಳಿಯಿಂದ ದಿನಾ ಓಡಾಡಲು ಆಗುವ ದೂರವಲ್ಲ. ಟಿ. ದಾಸರಹಳ್ಳಿಯಲ್ಲಿ ನಮ್ಮ ಕಡೆಯ ಹುಡುಗರ ರೂಮಿನಲ್ಲಿ ಒಂದು ಚಾಪೆಯ ಜಾಗ ಸಿಕ್ಕಿತು. ಹೊರಟ ದಿನ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾ, "ಬಾಗಲಾ ಸರಿಯಾಗಿ ಹಾಕ್ಕೊ" ಎಂದಷ್ಟೇ ಹೇಳಿದ. ನಾನು ಬಾಗಿಲು ಹಾಕಿಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ತಿಳಿ ಕೊಲಾಡಾ ಬಾರಿನ ಪಟ್ಟಿಗೆ ಸೇರಿತು, ನನಗೆ ಉಚ್ಚರಿಸಲು ಬಾರದ ಒಂದು ಇಂಗ್ಲಿಷ್ ಹೆಸರಿನಲ್ಲಿ. ಸಣ್ಣ ಗ್ಲಾಸು, ಗಾಜಿನಂಥ ಒಂದೇ ಐಸಿನ ಗಡ್ಡೆ, ಅಂಚಿಗೆ ಅನಾನಸಿನ ಒಂದು ಎಲೆ. ಕೊಡೆ ಇಲ್ಲ. ಯಾರೂ ಅರ್ಧ ಬಿಡುತ್ತಿರಲಿಲ್ಲವಂತೆ. ದಿನಾ ಹಣ್ಣು ಕುದಿಸಿದೆ, ಕಾಯಿ ಹಿಂಡಿದೆ, ಹಾಲು ಒಡೆಸಿದೆ, ಹನಿ ಬೀಳುವುದನ್ನು ನೋಡುತ್ತಾ ಕೂತೆ. ಮೊದಲು ಸುಖ ಕೊಟ್ಟಿದ್ದ ಆ ಸುಮ್ಮನಿರುವಿಕೆ ಈಗ ಎದೆಯ ಮೇಲೆ ಕೂರುತ್ತಿತ್ತು. ರೂಮಿಗೆ ಬಂದರೆ ಅಭ್ಯಾಸಬಲದಿಂದ ಎರಡು ತಟ್ಟೆ ತೆಗೆಯುತ್ತಿದ್ದೆ. ಸೋಮವಾರಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆದುಹೋಗುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಉಪ್ಪು ಕೇಳಲು ಬಾಯಿ ತೆರೆದಾಗ ದನಿಯೇ ಬರಲಿಲ್ಲ, ಕೆಮ್ಮಿ ಸರಿಮಾಡಿಕೊಂಡು ಕೇಳಬೇಕಾಯಿತು.

ಭಾನುವಾರ ಅಣ್ಣ ಫೋನು ಮಾಡುತ್ತಿದ್ದ. "ಊಟಾತೇನು?" "ಆತು." "ಮಳಿ ಐತೇನು ಅಲ್ಲೆ?" "ಐತಿ." ನಡುನಡುವೆ ಅವನ ಕೆಮ್ಮು. ಪ್ರತಿ ಸಲವೂ ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವನು ಇಡು ಅನ್ನುವವರೆಗೂ ಕಾದು ಇಡುತ್ತಿದ್ದೆ. ಮೂರು ನಾಲ್ಕು ಸಲ ದಾಸರಹಳ್ಳಿಗೆ ಹೋಗಿಯೂ ಬಂದೆ. ಬಾಳೆಹಣ್ಣು, ಚಕ್ಕುಲಿ ಒಯ್ದೆ. ಮಾತು ಒಯ್ಯಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಒಂದು ಬೆಳಿಗ್ಗೆ ಕಾಡುಗೋಡಿಯ ಹತ್ತಿರ ಬಸ್ಸಿಗೆ ನಿಂತಿದ್ದಾಗ ಎದುರಿಗೆ ನೀರಿನ ಟ್ಯಾಂಕರೊಂದು ನಿಂತಿತು. ಡ್ರೈವರ್ ಪಕ್ಕದಿಂದ ಇಳಿದವರು ಮುನಿರಾಜು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಾರೆ ಅಂದುಕೊಂಡೆ. ಅವರೇ ಹತ್ತಿರ ಬಂದರು.

"ಶಾಂತಮ್ಮ ಅಲ್ವಾ? ಎಂಗಿದೀಯಮ್ಮ? ಬಸಣ್ಣ ಎಂಗವ್ರೆ?"

"ಪೀಣ್ಯದಾಗ ಅದಾನ್ರಿ."

"ಗೊತ್ತು. ಮಗಳ ಹೆಸರಿಡೋ ಕಾರ್ಯಕ್ಕೆ ಪೋನ್ ಮಾಡಿದ್ದೆ. ನನ್ ದನಿ ಕೇಳ್ತಿದ್ದಂಗೇ ಮಡಗ್ಬುಟ್ರು." ಅವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಕೆಲಸ ಓಗಿದ್ದು ಓಗ್ಲಿ ಕಣಮ್ಮ. ಆ ವಯ್ಯ ಲಿಂಗ ಮುಟ್ಕೊಂಡು ಆಣೆ ಮಾಡ್ತಾವ್ನೆ, ನಾನು ಅದ್ರಲ್ಲಿ ಎಣ್ಣೆ ಬೆರೆಸ್ತೀನಾ? ಅಂಗಂತ ನಂಬ್ಬುಟ್ಟವ್ನಲ್ಲ, ಅದೇ ನಂಗೆ ಇವತ್ಗೂ."

"ನೀವು ಹಾಕಿಲ್ಲ. ನಂಗ ಗೊತ್ತು," ಅಂದೆ.

ಅವರ ಕೈ ಟವೆಲ್ಲಿನ ಮೇಲೇ ನಿಂತಿತು. "ಗೊತ್ತಾ? ನಿಂಗೆಂಗೆ ಗೊತ್ತು?"

ನಾನು ತಲೆ ಬಗ್ಗಿಸಿದೆ. ಅವರಿಗೆ ಅಷ್ಟು ಸಾಕಾಯಿತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಟ್ಯಾಂಕರಿನವನು ಹಾರ್ನ್ ಹೊಡೆಯುತ್ತಿದ್ದ. ಅವರು ಎರಡು ಹೆಜ್ಜೆ ಹೋಗಿ ತಿರುಗಿದರು.

"ನನ್ಹತ್ರ ಏಳಿ ಏನ್ ಬಂತಮ್ಮ? ಅವ್ರತ್ರ ಏಳು."

ನಾನು ಆ ದಿನ ಕೆಲಸಕ್ಕೆ ಹೋಗಲಿಲ್ಲ. ಬೈಯಪ್ಪನಹಳ್ಳಿಯವರೆಗೆ ಬಸ್ಸು, ಅಲ್ಲಿಂದ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಮೆಟ್ರೋ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಪೀಣ್ಯ ದಾಟುವಾಗ ಮೇಲಿನಿಂದ ಶೆಡ್ಡುಗಳ ಶೀಟುಗಳು ಕಂಡವು. ಅವುಗಳಲ್ಲಿ ಯಾವುದರ ಕೆಳಗೆ ಅವನ ತೊಟ್ಟಿಯಿದೆಯೋ ನನಗೆ ಗೊತ್ತಿರಲಿಲ್ಲ. ಒಮ್ಮೆಯೂ ಹೋಗಿ ನೋಡಿದವಳಲ್ಲ.

ಅವನಿಗೆ ಆ ವಾರ ಮಧ್ಯಾಹ್ನದ ಪಾಳಿ. ಹೊರಡಲು ತಯಾರಾಗುತ್ತಿದ್ದ. ರೂಮಿನ ಹುಡುಗರು ಇರಲಿಲ್ಲ. ಗೋಡೆಯಾಚೆ ಒಂದು ಲೇತ್ ಅಂಗಡಿ, ಕಬ್ಬಿಣ ತೇಯುವ ಕಿರ್ರ್ ಎನ್ನುವ ಸದ್ದು. ನನ್ನನ್ನು ನೋಡಿ, "ಏನ ಶಾಂತವ್ವಾ, ಇದ್ದಕ್ಕಿದ್ದಂಗ? ಊರಿಂದ ಏನಾರ ಸುದ್ದಿ ಬಂತೇನು?" ಎಂದು ಗಾಬರಿಯಾದ. ಇಲ್ಲ ಅಂದೆ. ಚಾಪೆ ಹಾಸಿ ಕೂರಿಸಿದ. ಸ್ಟವ್ ಹಚ್ಚಿ ಚಹಾಕ್ಕೆ ನೀರಿಟ್ಟ. ಅವನ ಬೆರಳುಗಳ ಗೆಣ್ಣಿನ ಮೇಲೆ ತೂತು ಬಿದ್ದ ಹಾಗೆ ಹುಣ್ಣುಗಳಾಗಿದ್ದವು, ಕ್ರೋಮಿನವು. ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಅಣ್ಣ, ಆ ಬಾಟಲಿಯಾಗ ರಮ್ಮು ಇತ್ತು," ಅಂದೆ. ನೆಲ ನೋಡಿಕೊಂಡು ಅಂದೆ.

"ಏನು?" ಅವನು ಕಿವಿಯ ಹತ್ತಿರ ಕೈ ಹಿಡಿದ. "ಈ ಸದ್ದಿನಾಗ ಏನೂ ಕೇಳಂಗಿಲ್ಲ. ಜೋರಾಗಿ ಹೇಳು."

ಎದ್ದು ನಿಂತೆ. ಕಣ್ಣಿಗೆ ಕಣ್ಣು ಕೊಟ್ಟು, ಲೇತಿನ ಸದ್ದಿಗಿಂತ ದೊಡ್ಡದಾಗಿ ಹೇಳಿದೆ.

"ಆ ಬಾಟಲಿಯಾಗ ರಮ್ಮು ಇತ್ತಣ್ಣ. ನಾ ಬಾರಿನಾಗ ಕೆಲಸ ಮಾಡ್ತೀನಿ, ಅಲ್ಲಿಂದ ತಂದಿದ್ದೆ. ನೀ ಲಿಂಗಕ್ಕ ಹಿಡಿದಾಗ ನಂಗ ಗೊತ್ತಿತ್ತು, ಶುಂಠಿ ಅಂದಾಗ ಗೊತ್ತಿತ್ತು, ಫೋನಿನಾಗ ನೀ ಹೇಳವ್ವಾ ಅಂದಾಗೂ ಗೊತ್ತಿತ್ತು. ಹೇಳ್ಲಿಲ್ಲ. ಮುನಿರಾಜು ಏನೂ ಹಾಕಿಲ್ಲ. ತಪ್ಪು ನಂದು, ಎಲ್ಲಾ ನಂದು. ನಿನ್ನ ಕಾಲ ಹಿಡೀತೀನಿ, ನನ್ನ ಕ್ಷಮಿಸು. ಕ್ಷಮಿಸಾಕ ಆಗದಿದ್ರ ಬಿಡು, ಆದ್ರ ಮೊದಲು ಮುನಿರಾಜು ಅವ್ರಿಗೆ ಒಂದ್ ಫೋನ್ ಹಚ್ಚು ಅಣ್ಣ."